ಕಾಲುವೆ ದಂಡೆಯ ಕಂಟಿ

ನನ್ನ ಮೇಜಿನ ಮೇಲೆ ಒಂದು ಒಣ ಕಡ್ಡಿ ಇದೆ. ಮೊಳದುದ್ದ, ಕಿರುಬೆರಳಿನ ದಪ್ಪ, ಅಲ್ಲಲ್ಲಿ ಗಣ್ಣು. ಫ್ರಾನ್ಸಿನ ದ್ರಾಕ್ಷಿ ಬಳ್ಳಿಯದು. ಅಲ್ಲಿಗೆ ಹೋದವರು ಅತ್ತರು ತರುತ್ತಾರೆ, ಚಾಕೊಲೇಟು ತರುತ್ತಾರೆ. ನಾನು ಇದನ್ನು ಕಾಲುಚೀಲದಲ್ಲಿ ಸುತ್ತಿಕೊಂಡು ತಂದೆ. ರಾಯಚೂರಿಗೆ ಬಂದು ಬ್ಯಾಗು ಬಿಚ್ಚಿದಾಗ ನನ್ನ ಗಂಡ ಅದನ್ನು ಎತ್ತಿ ಹಿಡಿದು, "ಒಲಿ ಹಚ್ಚಾಕ ತಂದೀಯೇನು? ನಮ್ಮ ಕಡಿ ಹತ್ತಿಕಟಗಿ ಮುಗಿದಿದ್ವೇನು?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಆ ಕಡ್ಡಿಗೆ ಒಣ ಮಣ್ಣಿನ ವಾಸನೆ ಇದೆ. ಅದರ ಹಿಂದೆಯೇ, ಅದರಲ್ಲಿ ಇರಲು ಸಾಧ್ಯವೇ ಇಲ್ಲದ ಇನ್ನೊಂದು ವಾಸನೆಯೂ ಬರುತ್ತದೆ. ಪಂಕ್ಚರ್ ಹಾಕುವ ಸೊಲ್ಯೂಶನ್ನಿನದು...

ನಾನು ದೇವದುರ್ಗ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ, ಮಕ್ಕಳ ಬಾಯಲ್ಲಿ ಪಿ.ಟಿ. ಮೇಡಮ್. ಮನೆ ರಾಯಚೂರಿನಲ್ಲಿ. ಭಾನುವಾರ ಬೆಳಗಾದರೆ ನಾವು ಆರು ಜನ ಸೈಕಲ್ ಹತ್ತಿ ಊರ ಹೊರಗೆ ಹೋಗುತ್ತೇವೆ. ಗುಂಪಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ಅಕ್ಕಿ ಮಿಲ್ಲಿನ ಅಣ್ಣ ಒಬ್ಬರಿದ್ದಾರೆ, ಉಳಿದವರು ನನ್ನಂಥವರೇ. ಹೋದ ಬೇಸಿಗೆ ರಜೆಯಲ್ಲಿ ಡಾಕ್ಟರಮ್ಮನ ಹಟಕ್ಕೆ ಬಿದ್ದು ಆರೂ ಜನ ಫ್ರಾನ್ಸಿನ ದ್ರಾಕ್ಷಿ ಸೀಮೆಗೆ ಎಂಟು ದಿನ ಗ್ರಾವೆಲ್ ಬೈಕ್ ತುಳಿಯಲು ಹೋದೆವು. ಗ್ರಾವೆಲ್ ಬೈಕ್ ಎಂದರೆ ಡಾಂಬರು ಬಿಟ್ಟು ಗರಸಿನ ದಾರಿಯಲ್ಲಿ ಓಡಿಸಲೆಂದೇ ಮಾಡಿದ, ದಪ್ಪ ಟಾಯರಿನ ಸೈಕಲ್. ನಮ್ಮಲ್ಲಿ ಡಾಂಬರು ಹಾಕಿಲ್ಲ ಎಂದು ಜನ ರಸ್ತೆಗೆ ಕಲ್ಲು ಅಡ್ಡ ಇಟ್ಟು ಕೂರುತ್ತಾರೆ. ಅಲ್ಲಿ ಡಾಂಬರು ಇಲ್ಲದ ದಾರಿ ಎಲ್ಲಿದೆ ಎಂದು ಹುಡುಕಿ, ಅದಕ್ಕೊಂದು ನಕ್ಷೆ ಮಾಡಿ, ಬನ್ನಿ ಎಂದು ಕರೆಯುತ್ತಾರೆ. ಅಕ್ಕಿ ಮಿಲ್ಲಿನ ಅಣ್ಣ ಮೊದಲ ದಿನವೇ, "ಇಷ್ಟು ದೂರ ಬಂದು ಮತ್ತ ನಮ್ಮೂರ ಕಡಿ ಬಾಗಲವಾಡ ದಾರಿನೇ ತುಳ್ಯಾಕತ್ತೀವಲ್ರೀ" ಎಂದು ಗೊಣಗಿದ್ದರು.

ಆದರೆ ಆ ದಾರಿಗಳು ಚೆಂದ ಇದ್ದವು, ಸುಳ್ಳು ಹೇಳಬಾರದು. ಸುಣ್ಣದ ಕಲ್ಲಿನ ಬಿಳಿ ಗರಸು, ಎರಡೂ ಕಡೆ ಸೊಂಟದೆತ್ತರದ ಕಲ್ಲಿನ ಗೋಡೆ, ಗೋಡೆಯಾಚೆ ಸಾಲು ಹಿಡಿದು ನಿಂತ ಗಿಡ್ಡ ಬಳ್ಳಿಗಳು. ಆಗಷ್ಟೇ ಚಿಗುರು ಬಿಡುತ್ತಿದ್ದವು. ಚಳಿಗಾಲದಲ್ಲಿ ಕತ್ತರಿಸಿದ ಕಡ್ಡಿಗಳನ್ನು ಹೊರೆ ಕಟ್ಟಿ ಹೊಲದ ಮೂಲೆಯಲ್ಲಿ ಇಟ್ಟಿದ್ದರು. ಹೊಲವನ್ನು ಮೆಟ್ಟಿಲು ಮೆಟ್ಟಿಲಾಗಿ ಗುಡ್ಡಕ್ಕೆ ಹತ್ತಿಸಿದ್ದರು. ದಾರಿ ಆ ಮೆಟ್ಟಿಲ ಅಂಚಿನಲ್ಲೇ ಸುತ್ತಿ ಸುತ್ತಿ ಹೋಗುತ್ತಿತ್ತು. ಹ್ಯಾಂಡಲ್ಲಿಗೆ ಕಟ್ಟಿದ ಪುಟ್ಟ ಯಂತ್ರದಲ್ಲಿ ನೀಲಿ ಗೆರೆ ಕಾಣುತ್ತದೆ, ಆ ಗೆರೆ ಹಿಡಿದು ಹೋದರಾಯಿತು. ಯೋಚನೆ ಮಾಡುವ ಕೆಲಸವೇ ಇಲ್ಲ.

ಮೂರನೆಯ ದಿನ. ಹಿಂದಿನ ರಾತ್ರಿ ಜೋರು ಮಳೆಯಾಗಿತ್ತು. ಆ ಹೊತ್ತು ನಾನೇ ಮುಂದೆ ಇದ್ದೆ. ಒಂದು ತಿರುವು ದಾಟುತ್ತಿದ್ದಂತೆ ದಾರಿಗೆ ಅಡ್ಡವಾಗಿ ಬಳ್ಳಿ ಕಡ್ಡಿಯ ಒಂದು ಹೊರೆ ಬಿದ್ದಿತ್ತು. ಒಂದೇ ಹೊರೆ. ಪಕ್ಕದಲ್ಲಿ ಸೈಕಲ್ ದಾಟಿಸಲು ಬೇಕಾದಷ್ಟು ಜಾಗವಿತ್ತು, ನೀಲಿ ಗೆರೆ ನೆಟ್ಟಗೆ ಮುಂದಕ್ಕೆ ತೋರಿಸುತ್ತಿತ್ತು. ನನ್ನ ಎರಡೂ ಕೈ ತಾವಾಗಿಯೇ ಬ್ರೇಕು ಹಿಡಿದವು. ಹಿಂದಿದ್ದ ಡಾಕ್ಟರಮ್ಮ ಬಂದು ನನ್ನ ಸೈಕಲ್ಲಿಗೆ ಗುದ್ದಿದರು. "ಏನಾತು? ಹಾವು ಗೀವು ಏನರ?" ಎಂದರು. ನನ್ನ ಬಾಯಿಂದ ಹೊರಟಿದ್ದು ಒಂದೇ ಮಾತು. "ಕಂಟಿ ಹಚ್ಚ್ಯಾರ."

ಅವರಿಗೆ ಅರ್ಥವಾಗಲಿಲ್ಲ. ಸಿಟಿಯಲ್ಲಿ ಬೆಳೆದವರು. ನಾನು ಮುಂದೆ ಹೋಗುವುದಿಲ್ಲ ಎಂದು ಹಟ ಹಿಡಿದೆ. ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದ ಆ ಊರಿನ ಹೆಣ್ಣುಮಗಳು ನಗುತ್ತಲೇ ಸೈಕಲ್ ಮಲಗಿಸಿ, ಹೊರೆ ದಾಟಿ, ನಡೆದು ಹೋದಳು. ಹತ್ತು ಹೆಜ್ಜೆ ಹೋದವಳು ಹಾಗೇ ನಿಂತಳು. ಹಿಂದಕ್ಕೆ ಬಂದಾಗ ಅವಳ ಮುಖದಲ್ಲಿ ನಗು ಇರಲಿಲ್ಲ. ದಾರಿಯ ಕೆಳಗಿನ ಕಲ್ಲುಗೋಡೆ ರಾತ್ರಿ ಮಳೆಗೆ ಜರಿದು, ಒಳಗಿನ ಮಣ್ಣೆಲ್ಲ ಕೆಳಗಿನ ಹೊಲಕ್ಕೆ ಇಳಿದುಬಿಟ್ಟಿತ್ತು. ಮೇಲೆ ರೊಟ್ಟಿಯಷ್ಟು ತೆಳ್ಳಗಿನ ಗರಸಿನ ಹೊದಿಕೆ ಮಾತ್ರ ಉಳಿದಿತ್ತು, ಅಡಿಯಲ್ಲಿ ಎರಡಾಳು ಟೊಳ್ಳು. ಯಾರೋ ರೈತ ಬೆಳಿಗ್ಗೆ ನೋಡಿ, ಕೈಗೆ ಸಿಕ್ಕ ಹೊರೆ ಅಡ್ಡ ಹಾಕಿ, ಸುದ್ದಿ ಮುಟ್ಟಿಸಲು ಹೋಗಿದ್ದಿರಬೇಕು. ನಾನು ಬಗ್ಗಿ ಆ ಟೊಳ್ಳನ್ನು ನೋಡಿದೆ. ಅಲ್ಲೇ ನೆಲಕ್ಕೆ ಕುಳಿತುಬಿಟ್ಟೆ.

ಎಲ್ಲರೂ ನನ್ನ ಬೆನ್ನು ತಟ್ಟಿದರು. ಅವರಿಗೆ ಗೊತ್ತಿರಲಿಲ್ಲ, ನಾನು ಕುಳಿತದ್ದು ಆ ಗುಂಡಿಯನ್ನು ನೋಡಿ ಅಲ್ಲ. ನನಗೆ ಕಂಡದ್ದು ಇನ್ನೊಂದು ದಾರಿ, ಅದರ ಮೇಲೆ ಎರಡೂ ಕೈ ಚಾಚಿ ನಿಂತ ಒಬ್ಬ ಮನುಷ್ಯ.

ಚಿಕ್ಕವರಿದ್ದಾಗ ಅವರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಮಾನ್ವಿ ತಾಲೂಕಿನ ಪೋತ್ನಾಳಕ್ಕೆ, ನಮ್ಮ ಹೈಸ್ಕೂಲು ಇದ್ದ ಊರಿಗೆ, ಇನ್ನೇನು ಹೊಗಬೇಕು ಎನ್ನುವಲ್ಲಿ, ಕಾಲುವೆ ದಂಡೆಯ ದಾರಿ ಟಾರ್ ರೋಡಿಗೆ ಕೂಡುವ ಕಡೆ, ತಗಡಿನ ಒಂದು ಸೈಕಲ್ ಅಂಗಡಿ ಅವರದು. ನಮ್ಮೂರು ಅಲ್ಲಿಂದ ಆರು ಕಿಲೋಮೀಟರು. ಎಂಟನೆಯ ಇಯತ್ತೆಗೆ ಸರ್ಕಾರದ ಸೈಕಲ್ ಬಂದ ವರ್ಷ ಅದು. ನಾವು ಆರು ಹುಡುಗಿಯರು ಕಾಲುವೆ ದಂಡೆ ಹಿಡಿದು ಹೈಸ್ಕೂಲಿಗೆ ಹೋಗುತ್ತಿದ್ದೆವು. ಟಾರ್ ರೋಡ್ ಸುತ್ತು, ಮೇಲಾಗಿ ಭತ್ತದ ಲಾರಿಗಳ ಕಾಟ. ದಂಡೆಯ ಮೇಲೆ ಒಂದು ಕಡೆ ತುಂಬಿದ ಕಾಲುವೆ, ಇನ್ನೊಂದು ಕಡೆ ತೆನೆ ಬಿಟ್ಟ ಗದ್ದೆ, ನಡುವೆ ನಮ್ಮ ಆರು ಬೆಲ್ಲು. ಆ ದಾರಿಯಲ್ಲಿ ನಾವು ರಾಣಿಯರು.

ಚಾಚಾ ಪಂಕ್ಚರ್ ಹಾಕುವ ಮೊದಲು ಗಾಲಿಯನ್ನು ಒಮ್ಮೆ ತಿರುಗಿಸಿ, ಟಾಯರಿಗೆ ಹತ್ತಿದ ಮಣ್ಣನ್ನು ಉಗುರಿನಿಂದ ಕೆರೆದು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಿದ್ದರು. ಎರೆ ಮಣ್ಣೋ, ಕೆಂಪು ಗರಸೋ, ಭತ್ತದ ಹೊಟ್ಟೋ ನೋಡಿ, ನೀನು ಯಾವ ದಾರಿ ಹಿಡಿದು ಬಂದೆ ಎಂದು ಹೇಳುತ್ತಿದ್ದರು. ಮುಳ್ಳು ನೋಡಿದರಂತೂ ಇಂಥವರ ಬೇಲಿಯದು ಎನ್ನುವವರೆಗೂ ಹೋಗುತ್ತಿದ್ದರು. ಮಾನ್ವಿಗೆ ಹೋಗಿದ್ದೆ ಎಂದು ಹೆಂಡತಿಗೆ ಹೇಳಿದ ಒಬ್ಬನ ಗಾಲಿ ನೋಡಿ ಚಾಚಾ ಎಲ್ಲರ ಮುಂದೆ, "ಮಾನ್ವಿ ದಾರ್ಯಾಗ ಎರಿ ಮಣ್ಣು ಎಲ್ಲಿಂದ ಬಂತ್ರೀ?" ಎಂದು ಕೇಳಿಬಿಟ್ಟಿದ್ದರು. ಆತ ಆಮೇಲೆ ತಿಂಗಳುಗಟ್ಟಲೆ ಅಂಗಡಿ ಕಡೆ ಸುಳಿಯಲಿಲ್ಲ. ತಾವು ಮಾತ್ರ ಅಂಗಡಿ ಬಿಟ್ಟು ಹೆಚ್ಚು ಓಡಾಡಿದವರಲ್ಲ. ಸುತ್ತಲ ಹತ್ತೂರಿನ ದಾರಿಗಳನ್ನು ಕುಳಿತಲ್ಲೇ, ಬೇರೆಯವರ ಗಾಲಿಯಿಂದ ತಿಳಿದುಕೊಂಡಿದ್ದರು.

ಆ ವಾರದ ಸೋಮವಾರ ನನ್ನ ಹಿಂದಿನ ಗಾಲಿ ಪಂಕ್ಚರ್ ಆಗಿತ್ತು. ಚಾಚಾ ಮಣ್ಣು ಕೆರೆದು ಬೆರಳಲ್ಲಿ ತಿಕ್ಕಿ ನೋಡಿದರು. ಅಂಗೈಯಲ್ಲಿ ಜಿಗುಟು ಮಣ್ಣು.

"ಬೇಟಿ, ಮಳಿ ಬಂದು ಎಷ್ಟು ದಿನ ಆತು?"

"ತಿಂಗಳಾತು ಚಾಚಾ."

"ಮತ್ತ ಈ ಹಸಿ ಮಣ್ಣು?"

ದಂಡೆಯ ಮೇಲೆ ಒಂದು ತಗ್ಗಿನಲ್ಲಿ ನಾಲ್ಕು ದಿನದಿಂದ ರಾಡಿ ಆಗಿತ್ತು. ನಾವು ಬೇಕಂತಲೇ ಅದರ ಮೇಲೆ ಸೈಕಲ್ ಹಾಯಿಸುತ್ತಿದ್ದೆವು, ಹಿಂದೆ ಬರುವವರ ಲಂಗಕ್ಕೆ ಸಿಡಿಯಲಿ ಎಂದು. ಅದನ್ನು ನಗುತ್ತಾ ಹೇಳಿದೆ. ಚಾಚಾ ನಗಲಿಲ್ಲ. "ದಂಡಿ ಒಳಗ ಟೊಳ್ಳಾಗಾಕತ್ತದ. ನೀರು ಒಳಗಿಂದ ಬರಾಕತ್ತದ. ನಿಮ್ಮಪ್ಪಗ ಹೇಳು. ಇವತ್ತ ಹೇಳು. ಮರೀಬ್ಯಾಡ ಬೇಟಿ" ಎಂದರು. ನನ್ನಪ್ಪ ಆ ಕಾಲುವೆಯ ನೀರಗಂಟಿ. ತೂಬು ಎತ್ತುವುದು, ಇಳಿಸುವುದು, ದಂಡೆ ಕಾಯುವುದು ಅವನ ಕೆಲಸ. ದಿನಗೂಲಿಯ ಮೇಲೆ ವರ್ಷಗಟ್ಟಲೆ ದುಡಿದಿದ್ದ. ಆ ವರ್ಷ ಖಾಯಂ ಮಾಡುತ್ತಾರೆ ಎಂಬ ಮಾತು ಬಂದು, ಅವ್ವ ದಿನಾ ದೇವರ ಮುಂದೆ ಎರಡು ಊದುಬತ್ತಿ ಹಚ್ಚುತ್ತಿದ್ದಳು.

ಸೋಮವಾರ ನಾನು ನಿಜಕ್ಕೂ ಮರೆತೆ. ಮಂಗಳವಾರ ನೆನಪಾಯಿತು, ಆದರೆ ಹೇಳಿದರೆ ಅಪ್ಪ ದಂಡೆ ದಾರಿ ಬಂದ್ ಮಾಡುತ್ತಾನೆ, ಲಾರಿಗಳ ನಡುವೆ ಸುತ್ತು ಹಾಕಬೇಕು, ಐವರೂ ನನ್ನ ಮೇಲೆ ಹಲ್ಲು ಕಡಿಯುತ್ತಾರೆ ಎನಿಸಿತು. ಬುಧವಾರದ ಹೊತ್ತಿಗೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಬೈಸಿಕೊಳ್ಳುವ ಹೆದರಿಕೆ ಸೇರಿಕೊಂಡಿತು. ಹೀಗೆ ನನ್ನ ಬಾಯಿ ಕಟ್ಟಿಹೋಯಿತು. ಗುರುವಾರ ಬೆಳಿಗ್ಗೆ ಅಪ್ಪನೇ ಇದ್ದಕ್ಕಿದ್ದಂತೆ, "ಇನ್ನ ಮ್ಯಾಲೆ ಟಾರ್ ರೋಡ್ ಹಿಡ್ದು ಹೋಗಬೇ, ದಂಡಿ ಮ್ಯಾಲೆ ಧೂಳು ಭಾಳ" ಎಂದ. ಮಗಳ ಬಿಳಿ ಯೂನಿಫಾರ್ಮಿನ ಮೇಲೆ ಅಪ್ಪನಿಗೆ ಎಷ್ಟು ಕಾಳಜಿ ಎಂದುಕೊಂಡೆ. ಹೂಂ ಎಂದು ತಲೆ ಆಡಿಸಿ, ಊರು ದಾಟಿದ ಮೇಲೆ ದಂಡೆಯನ್ನೇ ಹತ್ತಿದೆ.

ಶುಕ್ರವಾರ ಮಧ್ಯಾಹ್ನ ಶಾಲೆ ಬಿಟ್ಟು ಒಬ್ಬಳೇ ಬರುತ್ತಿದ್ದೆ. ಆ ರಾಡಿಯ ತಗ್ಗಿನ ಈಚೆ ಚಾಚಾ ಒಂದು ಕೋಲಿನಿಂದ ಜಾಲಿಯ ದೊಡ್ಡ ಟೊಂಗೆ ಎಳೆದು ತಂದು ದಾರಿಗೆ ಅಡ್ಡ ಹಾಕುತ್ತಿದ್ದರು. ನಮಾಜಿಗೆ ಹಾಕಿಕೊಂಡ ಬಿಳಿ ಅಂಗಿ ತೋಳಿನಲ್ಲಿ ಹರಿದಿತ್ತು, ಕೈಯಲ್ಲಿ ರಕ್ತ. ಇಂಥ ಮುಳ್ಳಿನ ಟೊಂಗೆಗೆ ನಮ್ಮಲ್ಲಿ ಕಂಟಿ ಎನ್ನುತ್ತಾರೆ. ದನ ಗದ್ದೆಗೆ ನುಗ್ಗದಂತೆ ಹೊಲದ ಬಾಯಿಗೆ ಹಚ್ಚುವುದು. ಮನುಷ್ಯರು ಅದನ್ನು ಸರಿಸಿ, ದಾಟಿ, ಮತ್ತೆ ಇದ್ದಂತೆಯೇ ಹಚ್ಚಿ ಹೋಗಬೇಕು. ಹೀಗೆಂದು ನಡೆಯಲು ಬಂದ ದಿನದಿಂದ ಎಲ್ಲರಿಗೂ ಕಲಿಸಿರುತ್ತಾರೆ.

ಚಾಚಾ ನನ್ನನ್ನು ನೋಡಿ ಕೇಳಿದರು. "ಅಪ್ಪಗ ಹೇಳಿದ್ಯಾ ಬೇಟಿ?"

"ಹೂಂ ಚಾಚಾ, ಹೇಳೀನಿ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಗಾಲಿ ನೋಡಿದಂತೆಯೇ ನೋಡಿದರು. ಆಮೇಲೆ, "ಆತು. ನಾಳಿಂದ ಈ ದಾರಿ ನಕ್ಕೋ, ಬ್ಯಾಡ" ಎಂದು ಕಂಟಿ ಸರಿಸಿ ನನ್ನನ್ನು ಅಂಚಿನಿಂದ ನಡೆಸಿಕೊಂಡು ದಾಟಿಸಿದರು. ಸೈಕಲ್ಲನ್ನು ತಾವೇ ಹೆಗಲ ಮೇಲೆ ಹೊತ್ತು ತಂದರು.

ಶನಿವಾರ ಏನಾಯಿತು ಎನ್ನುವುದನ್ನು ನಮ್ಮ ಕಡೆಯವರು ಮಾತ್ರ ಊಹಿಸಬಲ್ಲರು. ಇಡೀ ಊರು ಆ ಕಂಟಿಯನ್ನು ಸರಿಸಿ, ದಾಟಿ, ಮತ್ತೆ ಇದ್ದಂತೆಯೇ ಶಿಸ್ತಾಗಿ ಹಚ್ಚಿ ಹೋಯಿತು! ಅದು ಮನುಷ್ಯರಿಗೂ ಇರಬಹುದು ಎಂದು ಒಬ್ಬರ ತಲೆಗೂ ಹೊಳೆಯಲಿಲ್ಲ. ಎಳೆದಾಡಿದ ಹಾಗೆಲ್ಲ ಮುಳ್ಳು ಉದುರಿ, ಸಂಜೆಯೊಳಗೆ ಎಷ್ಟೋ ಗಾಲಿಗಳ ಗಾಳಿ ಹೋಯಿತು. ಕಂಟಿ ಹಚ್ಚಿದವರು ಯಾರು ಎಂದು ಮನೆ ಮನೆಗೆ ಕೇಳಿಕೊಂಡು ಬಂದರು, ನಾನು ಕಂಡದ್ದನ್ನು ಬಾಯಿಬಿಟ್ಟೆ. ಪಂಕ್ಚರ್ ಹಾಕುವವನೇ ಎಂದು ತಿಳಿದಾಗ ಊರು ಕೆಂಡವಾಯಿತು.

ಭಾನುವಾರ ನಮ್ಮೂರಿನ ಗುಡಿ ಕಟ್ಟೆಗೆ ಅವರನ್ನು ಕರೆಸಿದರು. ಚಾಚಾ ಟೋಪಿ ಹಾಕಿಕೊಂಡು, ಗಾಯದ ಕೈಗೆ ಟ್ಯೂಬಿನ ತುಂಡು ಸುತ್ತಿಕೊಂಡು ಬಂದು ನಿಂತರು. ಹಿರಿಯರೊಬ್ಬರು, "ಪಂಕ್ಚರ್ ಹಾಕಿ ಹೊಟ್ಟಿ ಹೊರ್ಯಾಕ ಮಕ್ಕಳ ದಾರಿಗಿ ಮುಳ್ಳ ಹಾಕ್ತಿಯೇನು?" ಎಂದು ಗದರಿದರು. ಕಂಡವರು ಯಾರು ಎಂದಾಗ ನನ್ನನ್ನು ಮುಂದೆ ತಳ್ಳಿದರು. ನಾನು, "ನೋಡೀನ್ರಿ, ಚಾಚಾನ ಹಚ್ಚಿದ್ದು" ಎಂದೆ. ಮಾತು ಮುಗಿಯುವ ಮೊದಲೇ ಚಾಚಾ ಹೇಳಿದರು. "ಹೌದ್ರಿ, ಹಚ್ಚಿದ್ದು ನಾನಽ. ದಂಡಿ ಟೊಳ್ಳಾಗ್ಯಾದ. ಯಾರೂ ಆ ಕಡಿ ಹಾಯಬಾರ್ದಂತ ಹಚ್ಚೀನಿ."

ಆಮೇಲೆ ಅದೇ ಹಿರಿಯರು, "ಹಂಗಿದ್ರ ನೀರಗಂಟಿಗೆ ಯಾಕ ಹೇಳಲಿಲ್ಲ?" ಎಂದು ಕೇಳಿದರು. ನನ್ನ ಪಕ್ಕದಲ್ಲೇ ನಿಂತಿದ್ದ ಅಪ್ಪ ದೊಡ್ಡ ದನಿಯಲ್ಲಿ, "ನನಗ್ಯಾರೂ ಹೇಳಿಲ್ರಿ. ದಿನಾ ದಂಡಿ ತಿರುಗ್ಯಾಡೋನು ನಾನು. ದಂಡಿ ಕಲ್ಲಿದ್ದಂಗ ಅದ" ಎಂದ. ಚಾಚಾ ಅಪ್ಪನನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಅಪ್ಪನನ್ನು. ಈಗ ಹೇಳುತ್ತಾರೆ, ಈ ಹುಡುಗಿ ಕೈಲಿ ಹೇಳಿ ಕಳಿಸಿದ್ದೆ ಎಂದು ಹೇಳುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಹೇಳೋದು ಮರ್ತಬಿಟ್ಟೆ ರೀ," ಎಂದರು ಚಾಚಾ.

ಕಟ್ಟೆಯ ತುಂಬ ನಗು. ಯಾರೋ ಅವರ ಟೋಪಿ ಕಿತ್ತು ಎಸೆದರು. ಪಡ್ಡೆಗಳು ನಾಲ್ಕೈದು ಜನ ಹೋಗಿ ಕಂಟಿಯನ್ನು ಎಳೆದು ಕಾಲುವೆಗೆ ಹಾಕಿ ಬಂದರು. ಅಪ್ಪ ಮನೆಗೆ ಬಂದು ಊಟಕ್ಕೆ ಕುಳಿತ, ಎರಡು ತುತ್ತಿಗೆ ಕೈ ತೊಳೆದ.

ಸೋಮವಾರ ಬೆಳಿಗ್ಗೆ ನಾವು ದಂಡೆ ಹತ್ತಿದಾಗ, ತಗ್ಗಿನ ನಮ್ಮೂರ ಕಡೆಗೆ, ಕಂಟಿಯ ಬದಲು ಚಾಚಾ ನಿಂತಿದ್ದರು. ಎರಡೂ ಕೈ ಚಾಚಿ. "ನಕ್ಕೋ ಬೇಟಿ, ಟಾರ್ ರೋಡಿಗೆ ಹೋಗ್ರಿ." ದೊಡ್ಡವರು ಅವರನ್ನು ಬೈದು, ತಳ್ಳಿ, ಅಂಚಿನಿಂದ ದಾಟಿ ಹೋದರು. ಮಕ್ಕಳನ್ನು ಮಾತ್ರ ಅವರು ಬಿಡಲಿಲ್ಲ. ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ. ನಮ್ಮ ಶಾಲೆಯ ಹೊತ್ತಿಗೆ ಸರಿಯಾಗಿ ಅಂಗಡಿ ಮುಚ್ಚಿ, ಅಷ್ಟು ದೂರ ನಡೆದು ಬಂದು ನಿಲ್ಲುತ್ತಿದ್ದರು. ನಾವು ಸುತ್ತು ಹಾಕಿ ತಡವಾಗಿ ಮುಟ್ಟಿ, ಮೇಷ್ಟ್ರ ಕೈಲಿ ಪೆಟ್ಟು ತಿಂದು, ಅವರನ್ನು ಬಾಯಿ ತುಂಬ ಬೈದೆವು. ನಾನೂ ಬೈದೆ. ಇದನ್ನು ಬರೆಯಲು ಕೈ ಏಳುತ್ತಿಲ್ಲ, ಆದರೂ ಬೈದದ್ದು ನಿಜ.

ಗುರುವಾರ ಪರೀಕ್ಷೆ ಇತ್ತು. ನಮ್ಮಲ್ಲೊಬ್ಬಳು ಸೈಕಲ್ಲನ್ನು ಅವರ ಮೊಣಕಾಲಿಗೆ ಹಾಯಿಸಿಯೇ, "ನಮ್ಮೂರ ದಾರಿ ತಡ್ಯಾಕ ನೀ ಯಾರು?" ಎಂದು ಕೂಗಿದಳು. ಚಾಚಾ ಅವಳ ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡರು. ಆಗಲೇ ಆ ಸದ್ದು ಬಂತು. ದೊಡ್ಡ ಸದ್ದೇನಲ್ಲ, ಭತ್ತದ ಚೀಲ ಜಾರಿ ನೆಲಕ್ಕೆ ಕುಳಿತಂಥ ಸದ್ದು. ಚಾಚಾರ ಬೆನ್ನ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ದಂಡೆ ಇರಲಿಲ್ಲ. ಇತ್ತು, ಈಗ ಇಲ್ಲ, ಅಷ್ಟೇ. ಕಾಲುವೆಯ ನೀರು ಎದೆಯೆತ್ತರಕ್ಕೆ ಎದ್ದು ಗದ್ದೆಗೆ ನುಗ್ಗುತ್ತಿತ್ತು. ಚಾಚಾ ಹಿಂದೆ ತಿರುಗಿ ನೋಡುವ ಮೊದಲು ನಮ್ಮ ತಲೆಗಳನ್ನು ಒಂದೊಂದಾಗಿ ಎಣಿಸಿದರು. ಆರೂ ಇವೆ ಎಂದು ಖಾತ್ರಿಯಾದ ಮೇಲೆ ಕೆಳಗೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ನೀರಾವರಿ ಇಲಾಖೆಯ ಸಾಹೇಬರು ಬಂದರು, ಅಳತೆ ತೆಗೆದರು. ಏಡಿ ತೂತಿನಿಂದ ಆಗಿದೆ, ಯಾರ ತಪ್ಪೂ ಇಲ್ಲ ಎಂದು ಬರೆದುಕೊಂಡು ಹೋದರು. ಅಪ್ಪ ಅದೇ ವರ್ಷ ಖಾಯಂ ಆದ. ಚಾಚಾರ ಹತ್ತಿರ ಹೋಗಿ ತಪ್ಪಾಯಿತು ಎಂದವರು ನಮ್ಮೂರಿನಲ್ಲಿ ಒಬ್ಬರೂ ಇಲ್ಲ. ಮುಖ ತೋರಿಸಲು ನಾಚಿಕೆ ಅವರಿಗೆ. ಪಂಕ್ಚರ್ ಆದರೆ ಅವರ ಅಂಗಡಿಯ ಮುಂದಿನಿಂದಲೇ ತಲೆ ತಗ್ಗಿಸಿ ಸೈಕಲ್ ತಳ್ಳಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಿದ್ದರು. ನಾನೂ ತಳ್ಳಿಕೊಂಡು ಹೋದೆ. ಉಗಾದಿ ಹೊತ್ತಿಗೆ ತಗಡಿನ ಬಾಗಿಲಿಗೆ ಬೀಗ ಬಿದ್ದಿತ್ತು. ಹೆಂಡತಿಯ ಊರು ಗಿಲ್ಲೆಸುಗೂರಿಗೆ ಹೋದರಂತೆ ಎಂದರು...

ರಾಯಚೂರಿನಿಂದ ಗಿಲ್ಲೆಸುಗೂರು ಎಷ್ಟು ದೂರ? ನಮ್ಮ ಗುಂಪಿಗೆ ಅದೊಂದು ಭಾನುವಾರದ ಬೆಳಗಿನ ಸವಾರಿ. ಆ ಕಡೆ ಹೋಗುವ ದಿನವೆಲ್ಲ ನನಗೆ ಹೊಟ್ಟೆನೋವು ಬರುತ್ತಿತ್ತು, ಅರ್ಧದಿಂದ ಹಿಂದಿರುಗುತ್ತಿದ್ದೆ. ಇಷ್ಟು ವರ್ಷ ಹೀಗೇ ಕಳೆದೆ. ಮನುಷ್ಯಳಾದವಳು ಹೋಗಿ ಕಾಲು ಹಿಡಿಯಬೇಕಿತ್ತು. ಅದಕ್ಕೆ ಫ್ರಾನ್ಸಿನ ಬಳ್ಳಿ ಕಡ್ಡಿ ಬೇಕಾಯಿತು ನೋಡಿ.

ಬಂದ ಮೊದಲ ಭಾನುವಾರವೇ ಒಬ್ಬಳೇ ಹೋದೆ. ಬಸ್ ನಿಲ್ಲುವ ಕಡೆ ಕೇಳಿದರೆ ಮನೆ ತೋರಿಸಿದರು. ಅಂಗಳದಲ್ಲಿ ಚಾಚಿ ಅಕ್ಕಿ ಆರಿಸುತ್ತಾ ಕುಳಿತಿದ್ದರು. ಗೋಡೆಗೆ ಒರಗಿಸಿದ ಹಳೆಯ ಗಾಳಿ ಪಂಪು ಗುರುತು ಸಿಕ್ಕಿತು. ಚಾಚಾ ಇದ್ದಾರೇನ್ರೀ ಎಂದೆ. ಚಾಚಿ ನನ್ನನ್ನೂ ಸೈಕಲ್ಲನ್ನೂ ನೋಡಿ, "ಅವ್ರು ಹೋಗಿ ನಾಲ್ಕು ವರ್ಷ ಆತಲ್ಲವ್ವಾ" ಎಂದರು. ನಾಲ್ಕು ವರ್ಷದ ಹಿಂದೆ ನಾನು ರಾಯಚೂರಿನಲ್ಲೇ ಇದ್ದೆ. ಅವರು ಉಸಿರಾಡುತ್ತಿದ್ದಾಗ ಈ ದಾರಿಯ ಅರ್ಧಕ್ಕೆ ಎಷ್ಟು ಸಲ ಬಂದು ಹೋಗಿದ್ದೆನೋ...

ನಾನು ಯಾರೆಂದು ಹೇಳಿದೆ. ಚಾಚಿ ಮೊರ ಕೆಳಗಿಟ್ಟರು. "ನೀರಗಂಟಿ ಮಗಳಾ? ಮಾನ್ವಿ ಕಡಿಂದ ಯಾರು ಬಂದ್ರೂ ಕೇಳ್ತಿದ್ರವ್ವಾ, ನೀರಗಂಟಿ ಮಗಳು ಸಾಲಿ ಮುಗಿಸಿದ್ಲಾ, ನೌಕ್ರಿ ಸಿಕ್ತಾ ಅಂತ." ನಾನು ಅಳುತ್ತಾ ಎಲ್ಲವನ್ನೂ ಒಪ್ಪಿಸಿದೆ. ಚಾಚಾ ಹೇಳಿ ಕಳಿಸಿದ್ದನ್ನು ಅಪ್ಪನಿಗೆ ಹೇಳಲಿಲ್ಲ, ಹೇಳಿದೆ ಎಂದು ಸುಳ್ಳಾಡಿದೆ, ನನ್ನಿಂದಲೇ ಅವರು ಊರು ಬಿಟ್ಟರು ಎಂದೆ.

ಚಾಚಿ ನನ್ನ ತಲೆಯ ಮೇಲೆ ಕೈಯಿಟ್ಟು ಸಹಜವಾಗಿಯೇ ಹೇಳಿದರು. "ನೀ ಹೇಳಿಲ್ಲಂತ ಅವ್ರಿಗೆ ಗೊತ್ತಿತ್ತು ಬೇಟಿ. ಎರಡು ದಿನ ಕಾದು, ಬುಧವಾರ ತಾವ ಖುದ್ದ ತೂಬಿನ ಹಂತ್ಯಾಕ ಹೋಗಿ ನಿಮ್ಮಪ್ಪಗ ಹೇಳಿ ಬಂದಿದ್ರಲ್ಲಾ."

ನನಗೆ ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ಮತ್ತೆ ಕೇಳಿದೆ. ಚಾಚಿ ಮತ್ತೆ ಅದನ್ನೇ ಹೇಳಿದರು. ಹಾಗಾದರೆ ಕಟ್ಟೆಯ ಮೇಲೆ ಯಾಕೆ ಹೇಳಲಿಲ್ಲ ಎಂದರೆ, ಅದನ್ನೇ ತಾನೂ ಜಗಳ ಮಾಡಿ ಕೇಳಿದ್ದೆ ಎಂದರು. "ಅಪ್ಪನ ಮುಂದ ಮಗಳ ಸುಳ್ಳು ತೆಗೀಲೇನು, ಮಗಳ ಮುಂದ ಅಪ್ಪನ ಸುಳ್ಳು ತೆಗೀಲೇನು? ಇಬ್ರೂ ಒಂದಽ ಮನ್ಯಾಗ ಇರೋರು, ಅಂದ್ರು."

ಗಿಲ್ಲೆಸುಗೂರಿನಿಂದ ಹೇಗೆ ಬಂದೆನೋ ನೆನಪಿಲ್ಲ. ಅಪ್ಪ ಈಗ ನಮ್ಮ ಜೊತೆಗೇ ಇದ್ದಾನೆ, ಖಾಯಂ ನೌಕರಿ ಮಾಡಿ ನಿವೃತ್ತನಾಗಿ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಚಪ್ಪಲಿ ಬಿಡದೆ ಅವನ ಮುಂದೆ ನಿಂತು ಕೇಳಿದೆ. "ಯಪ್ಪಾ, ದಂಡಿ ಟೊಳ್ಳಾಗ್ಯಾದಂತ ಚಾಚಾ ನಿನಗ ಹೇಳಿದ್ರಾ?"

ಯಾವ ದಂಡೆ, ಯಾವ ಚಾಚಾ ಎಂದು ಅಪ್ಪ ಕೇಳಲಿಲ್ಲ. ಇಷ್ಟು ವರ್ಷ ಅದೇ ಪ್ರಶ್ನೆಗೆ ಕಾದು ಕುಳಿತಿದ್ದವನಂತೆ ಬಸಿ ಕೆಳಗಿಟ್ಟ. "ಹೇಳಿದ್ದ. ನೀರು ಬಂದ್ ಮಾಡು ಅಂದ. ತೆನಿ ಹಾಲ್ಗಾಳು ಇತ್ತವ್ವಾ, ಕಾಳು ಇನ್ನ ಗಟ್ಟಿ ಆಗಿರಲಿಲ್ಲ, ನೀರು ಬಂದ್ ಮಾಡಿದ್ರ ಕೆಳಗಿನ ಊರವ್ರು ನನ್ನ ಕಡೀತಿದ್ರು. ಖಾಯಂ ಆಗೋ ಕಾಗದ ಸಾಹೇಬ್ರ ಟೇಬಲ್ ಮ್ಯಾಲಿತ್ತು. ಒಂದು ಹದಿನೈದು ದಿನ ತಡದೀತು ಅಂದ್ಕೊಂಡೆ."

"ನಾ ದಿನಾ ಅದಽ ದಂಡಿ ಮ್ಯಾಲೆ ಹೋಗ್ತಿದ್ನಲ್ಲ."

"ನಿನಗ ಟಾರ್ ರೋಡ್ ಹಿಡಿ ಅಂತ ಹೇಳಿದ್ನಲ್ಲವ್ವಾ," ಎಂದ ಅಪ್ಪ. ಅದರಲ್ಲಿ ಸ್ವಲ್ಪ ಸಿಟ್ಟೂ ಇತ್ತು, ಮಾತು ಕೇಳದ ಮಗಳ ಮೇಲೆ.

ಧೂಳು ಭಾಳ ಎಂದದ್ದು ನೆನಪಾಯಿತು. ಆ ಮಾತನ್ನು ನಾನು ಇಷ್ಟು ವರ್ಷ ಅಪ್ಪನ ಪ್ರೀತಿ ಎಂದು ಇಟ್ಟುಕೊಂಡಿದ್ದೆ. ಪ್ರೀತಿಯೇ ಅದು, ಅದೇ ನನ್ನನ್ನು ಇವತ್ತಿಗೂ ಹೆದರಿಸುತ್ತದೆ. "ಉಳಿದ ಐದು ಮಂದಿಗಿ ಯಾರು ಹೇಳಬೇಕಿತ್ತು ಯಪ್ಪಾ?" ಎಂದು ಕೇಳಿದೆ. ಅಪ್ಪ ಬಸಿ ಎತ್ತಿಕೊಂಡು ಉಳಿದ ಚಹಾ ಕುಡಿದ. ಕೇಳಿದ ಮೇಲೆ ನನಗೂ ಹೊಳೆಯಿತು, ಅವರಿಗೆ ನಾನೂ ಹೇಳಿರಲಿಲ್ಲ.

ಆ ಐವರೂ ಈಗ ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದಾರೆ. ಮಕ್ಕಳೊಂದಿಗರು. ಮೊನ್ನೆ ಒಬ್ಬಳಿಗೆ ಫೋನ್ ಮಾಡಿದೆ, ಚಾಚಾ ತೀರಿಕೊಂಡರಂತೆ ಎಂದೆ. "ಪಾಪ, ಒಳ್ಳೆ ಮನುಷ್ಯ. ಹೇಳೋದೊಂದು ಮರೀಲಿಲ್ಲಂದ್ರ ಎಲ್ಲಾ ಛಲೋ ಆಗ್ತಿತ್ತು ನೋಡು," ಎಂದಳು. ಊರಿನಲ್ಲಿ ಇವತ್ತಿಗೂ ಹಾಗೇ ಹೇಳುತ್ತಾರೆ, ಸಾಬ ಹೇಳುವುದು ಮರೆತಿದ್ದ ಎಂದು. ನಾನು ಮುಂದೆ ಬಾಯಿ ತೆರೆಯುವ ಮೊದಲು ಅಪ್ಪ ಒಳಗಿನಿಂದ ಬಂದು, ಬೇಡ ಎಂದು ಕೈ ಆಡಿಸಿದ. ಅವತ್ತು ಫೋನ್ ಇಟ್ಟುಬಿಟ್ಟೆ.

ಇವತ್ತು ಈ ಕಡ್ಡಿಯನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಅಪ್ಪ ಪಕ್ಕದ ಕೋಣೆಯಲ್ಲಿದ್ದಾನೆ. ಓದಿದರೆ ಓದಲಿ. ಚಾಚಾ ಹೇಳುವುದನ್ನು ಮರೆತಿರಲಿಲ್ಲ. ಸೋಮವಾರ ನನಗೆ ಹೇಳಿದ್ದರು. ಬುಧವಾರ ನನ್ನಪ್ಪನಿಗೆ ಹೇಳಿದ್ದರು.